ಬೂದಿ ಬಣ್ಣಕ್ಕೆ ಕಾದಿರುವ ಬಣ್ಣದಕ್ಕ

ಬೆಳಗಿನ ಐದು ಗಂಟೆ. ಬಣ್ಣದ ಮನೆಯ ನಾಲ್ಕು ಹಂಡೆಗಳೂ ಕುದಿಯುತ್ತಿವೆ. ಈ ಮಸುಕು ಬೆಳಕಿನಲ್ಲಿ ನಾಲ್ಕರ ನೀರೂ ಕಪ್ಪಾಗಿಯೇ ಕಾಣುತ್ತದೆ. ಬಣ್ಣದಕ್ಕ ಬಿಳಿ ಚಿಂದಿಯೊಂದನ್ನು ಅದ್ದಿ, ಹಿಂಡಿ, ದೀಪದ ಹತ್ತಿರ ಹಿಡಿದು ನೋಡುತ್ತಾರೆ. ಆಮೇಲೆಯೇ ಅಂಗಿ ಮುಳುಗಿಸುವುದು. ದಿನಕ್ಕೆ ನಲವತ್ತು ಅಂಗಿ, ನಲವತ್ತು ಚಿಂದಿ. ಇಷ್ಟೊಂದು ಯಾಕಕ್ಕಾ ಎಂದರೆ ನನ್ನ ತೋಳನ್ನೇ ಎತ್ತಿ ನೋಡುತ್ತಾರೆ.

"ನಿಮ್ಮ ನೀಲೀನ ಯಾರೋ ಅವಸರದಲ್ಲಿ ಅದ್ದಿದಾರೆ. ಕಂಕುಳಲ್ಲಿ ಹಸಿರು ಹಾಗೇ ಉಳ್ಕೊಂಡಿದೆ."

ನಿಜ. ಹದಿನಾರು ವರ್ಷದಿಂದ ತೊಡುತ್ತಿದ್ದರೂ ನಾನು ನೋಡಿರಲಿಲ್ಲ.

ಹತ್ತರವರೆಗೆ ಬಿಳಿ, ಇಪ್ಪತ್ತೈದರವರೆಗೆ ಹಸಿರು, ನಲವತ್ತೈದರವರೆಗೆ ನೀಲಿ, ಅರವತ್ತರವರೆಗೆ ಕಂದು, ಆಮೇಲೆ ಬೂದಿ. ಇದು ಮಕ್ಕಳಿಗೂ ಬಾಯಿಪಾಠ. ವಯಸ್ಸು ದಾಟುವ ಹಿಂದಿನ ಸಂಜೆ ಕಿಂಡಿಯಲ್ಲಿ ಅಂಗಿ ಕೊಡುತ್ತೇವೆ, ಬೆಳಿಗ್ಗೆ ಹೊಸ ಬಣ್ಣದಲ್ಲಿ ಪಡೆಯುತ್ತೇವೆ. ಕಿಂಡಿಯ ಆಚೆ ಯಾರಿದ್ದಾರೆಂದು ಯಾರೂ ಇಣುಕುವುದಿಲ್ಲ. ನಾನೂ ಇಣುಕಿರಲಿಲ್ಲ, ಅದಕ್ಕೆ ನಾಚಿಕೆಯಿದೆ.

ಬಣ್ಣದಕ್ಕ ಹತ್ತೊಂಬತ್ತರಲ್ಲಿ ಇಲ್ಲಿಗೆ ಬಂದವರು. ಇದೇ ಮನೆಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಗಂಡ ಈಗಿಲ್ಲ. ಹಬೆಗೆ ಕಣ್ಣು ಸದಾ ಕೆಂಪು, ಉಗುರು ಒಂದೊಂದೂ ಒಂದೊಂದು ಬಣ್ಣ. ಊಟಕ್ಕೆ ಕೂತರೆ ಮಗಳು, ಅಮ್ಮಾ ನಿನ್ನ ವಯಸ್ಸೆಷ್ಟು ಅಂತ ಕೈ ನೋಡಿ ಹೇಳೋಕಾಗಲ್ಲ ಎಂದು ಕಿಚಾಯಿಸುತ್ತಾಳಂತೆ.

ಚಿಂದಿಯ ವಿಷಯವನ್ನು ಮತ್ತೆ ಕೇಳಿದಾಗ ಕೈ ಒರೆಸಿಕೊಂಡು ಕೂರುತ್ತಾರೆ. ಹನ್ನೊಂದು ವರ್ಷದ ಹಿಂದೆ, ಹೀಗೇ ಒಂದು ಬೆಳಿಗ್ಗೆ, ಟ್ರಾಮ್ ಓಡಿಸುವವರೊಬ್ಬರ ಅಂಗಿಯನ್ನು ಕಂದು ಹಂಡೆಯೆಂದು ತಿಳಿದು ಬೂದಿ ಹಂಡೆಗೆ ಅದ್ದಿಬಿಟ್ಟರು. ಆತನಿಗೆ ಆಗಷ್ಟೇ ನಲವತ್ತೈದು. ಬಣ್ಣ ಮುಂದೆ ಹೋಗಬಹುದು, ಹಿಂದೆ ಬರುವಂತಿಲ್ಲ. ಇವರು ಕಚೇರಿಗೆ ಓಡಿ ತಪ್ಪು ಒಪ್ಪಿಕೊಂಡರು. ಅಲ್ಲಿಯವರು ಅಂಗಿಯನ್ನು ತಿರುಗಿಸಿ ನೋಡಿ, ಬಣ್ಣ ಚೆನ್ನಾಗಿ ಹಿಡಿದಿದೆ ಎಂದರು. ಬೂದಿಯವರು ದುಡಿಯುವಂತಿಲ್ಲವಾದ್ದರಿಂದ ಅಂದೇ ಆತನ ಕೆಲಸ ಹೋಯಿತು.

ಆತ ಈಗ ಟ್ರಾಮ್ ನಿಲ್ದಾಣದಲ್ಲಿ, ಬೂದಿಯವರ ಬೆಂಚಿನ ಮೇಲೆ ಕೂತಿರುತ್ತಾನೆ. ಗಾಡಿ ಬಂದಾಗಲೆಲ್ಲ ಗಡಿಯಾರ ನೋಡಿಕೊಳ್ಳುತ್ತಾನೆ. ಬಣ್ಣದಕ್ಕ ದಿನವೂ ಎದುರಿಗೇ ಹಾದುಹೋಗುತ್ತಾರೆ. ಬೇರೆ ಬಣ್ಣದವರು ಬೂದಿಯವರನ್ನು ಮಾತಾಡಿಸುವಂತಿಲ್ಲ. ಯಾರ ಕೈತಪ್ಪಿನಿಂದ ಹೀಗಾಯಿತೆಂದು ಆತನಿಗೆ ಇವತ್ತಿಗೂ ಗೊತ್ತಿಲ್ಲ. ನಾನೂ ಆತನನ್ನು ವಿಚಾರಿಸಲಾರೆ, ನನ್ನದು ನೀಲಿ. ಇದನ್ನು ಬರೆಯುವಾಗ ನನ್ನ ಅಂಗಿಯ ಮೇಲೆ ಸಿಟ್ಟು ಬರುತ್ತಿದೆ.

ಆ ಬೆಳಗಿನಿಂದೀಚೆಗೆ ಬಣ್ಣದಕ್ಕನ ಕೈಯಲ್ಲಿ ಒಂದು ಅಂಗಿಯೂ ತಪ್ಪಿಲ್ಲ. ಇನ್ನು ಹದಿನೇಳು ದಿನಕ್ಕೆ ಅವರಿಗೆ ಅರವತ್ತು. ಕೆಲಸ ಹೋಗುತ್ತದೆ, ಬೇರೆ ಬಣ್ಣದವರ ಜೊತೆ ಇರುವಂತಿಲ್ಲವಾದ್ದರಿಂದ ಮಗಳ ಮನೆಯನ್ನೂ ಬಿಡಬೇಕು. ಎಲ್ಲರೂ ನಡುಗುವ ಆ ದಿನವನ್ನು ಇವರು ಬೆರಳು ಮಡಚಿ ಎಣಿಸುತ್ತಿರುವುದು ಕಂಡು ಕಾರಣ ಕೇಳುತ್ತೇನೆ.

"ಬೂದಿ ಆದ್ಮೇಲೆ ಆ ಬೆಂಚಲ್ಲಿ ಕೂರೋಕೆ ನಂಗೂ ಜಾಗ ಇದೆ. ಪಕ್ಕದಲ್ಲಿ ಕೂತು, ನಿಮ್ಮ ಅಂಗಿ ಅದ್ದಿದ್ದು ನಾನೇ ಅಂತ ಹೇಳ್ಬೇಕು. ಎದ್ದು ಹೋದ್ರೆ ಹೋಗ್ಲಿ. ಕೇಳಿಸ್ಕೊಂಡ್ಮೇಲೆ ಹೋಗ್ಲಿ."