ಬಟ್ಟೆಯ ಮೇಲಿನ ಹೆಬ್ಬೆಟ್ಟು

ಮೊನ್ನೆ ಗೆಳತಿಯ ಮಗಳ ಮದುವೆಗೆಂದು ಹಾಸನದ ಒಂದು ಚರ್ಚಿಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಪಕ್ಕದ ಹಾಲ್‌ನಲ್ಲಿ ಏನೋ ಪ್ರದರ್ಶನ ಇಟ್ಟಿದ್ದರು, ಸುಮ್ಮನೆ ಒಳಗೆ ಹೋದೆ. ಗೋಡೆಯ ಮೇಲೆ ಗಾಜಿನ ಚೌಕಟ್ಟು, ಅದರೊಳಗೆ ಹಳದಿಗೆ ತಿರುಗಿದ ಮಲ್ಲಿನ ಬಟ್ಟೆ, ಬಟ್ಟೆಯ ತುಂಬ ನೇರಳೆ ಶಾಯಿಯ ಹೆಬ್ಬೆಟ್ಟಿನ ಗುರುತು. ಗಾಜು ಅಡ್ಡ ಇದ್ದರೂ ಸ್ಟಾಂಪ್ ಪ್ಯಾಡಿನ ವಾಸನೆ ಮೂಗಿಗೆ ಬಂದಂತಾಯಿತು. ಅದರ ಹಿಂದೆಯೇ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ, ಕೊಣನೂರು, ಸಿಸ್ಟ್ರಮ್ಮ...

ಅವರು ಮಂಗಳೂರಿನ ಕಡೆಯವರು, ಚರ್ಚಿನ ಸನ್ಯಾಸಿನಿ. ನಮ್ಮೂರು ಕೊಣನೂರಿನಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ನಾವು ಮಾರಮ್ಮನ ಒಕ್ಕಲು, ನಮಗೂ ಚರ್ಚಿಗೂ ಏನೂ ಸಂಬಂಧ ಇರಲಿಲ್ಲ. ಅವ್ವ ಹೊಲಿಗೆ ಕಲಿತಿದ್ದು ಅವರ ಹತ್ತಿರವೇ. ಅವರದೇ ಚರ್ಚಿನ ಹಾಸನದ ಕಚೇರಿ ನಡೆಸುತ್ತಿದ್ದ ಮಹಿಳಾ ಸಂಘದಲ್ಲಿ ಸಾಲ ತೆಗೆದು ಒಂದು ಮಿಷನ್ ತಂದಳು. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ಆ ಮಿಷನ್ನೇ ಅನ್ನ ಹಾಕುತ್ತಿತ್ತು. ಸಿಸ್ಟ್ರಮ್ಮನ ಬಲಗೈ ಹೆಬ್ಬೆರಳಿನ ಮಧ್ಯೆ, ಎಂದೋ ಮಿಷನ್ ಸೂಜಿ ಹೊಕ್ಕು ಸೀಳಿದ ಗಾಯದ ಅಡ್ಡಗೆರೆ ಇತ್ತು. ಪಾಠ ಶುರುವಾಗುವ ಮೊದಲು ಅದನ್ನು ತೋರಿಸಿ ಹೆದರಿಸುತ್ತಿದ್ದರು.

ಎರಡು ಸಾವಿರದ ಇಸವಿ ಹತ್ತಿರ ಬರುತ್ತಿದ್ದ ಕಾಲ. ಬಡ ದೇಶಗಳ ಸಾಲ ಮನ್ನಾ ಮಾಡಿ ಎಂದು ಲೋಕದ ಚರ್ಚುಗಳೆಲ್ಲ ಸಹಿ ಕೂಡಿಸುತ್ತಿದ್ದವು. ಸಿಸ್ಟ್ರಮ್ಮ ಕಾಗದದ ಕಟ್ಟು ಹಿಡಿದು ಕ್ಲಾಸಿಗೆ ಬಂದರು. ಆಫ್ರಿಕಾದಲ್ಲಿ ಬಡ್ಡಿ ಕಟ್ಟುವುದಕ್ಕೋಸ್ಕರ ಆಸ್ಪತ್ರೆ ಮುಚ್ಚುತ್ತಿದ್ದಾರೆ, ಏಳು ವರ್ಷಕ್ಕೊಮ್ಮೆ ಸಾಲ ಬಿಟ್ಟುಬಿಡಬೇಕು ಅಂತ ನಮ್ಮ ದೇವರೇ ಹೇಳಿದ್ದಾನೆ, ಆದರೆ ಒಬ್ಬರಿಗೆ ಬಿಟ್ಟರೆ ನಾಳೆ ಯಾರೂ ಕಟ್ಟುವುದಿಲ್ಲ ಅಂತಾರೆ ಆ ಸಾಹುಕಾರ ದೇಶದವರು ಎಂದು ವಿವರಿಸಿದರು. ಹೆಂಗಸರು ಕೇಳಿ ಲೊಚಗುಟ್ಟಿದರು. ಆದರೆ ಹೆಬ್ಬೆಟ್ಟು ಒತ್ತಲು ಒಬ್ಬರೂ ಮುಂದೆ ಬರಲಿಲ್ಲ. ಕಂಡವರ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದೆಂದರೆ ನಮ್ಮ ಕಡೆ ಒಂದೇ ಅರ್ಥ, ಜಾಮೀನು.

"ಆ ದೇಸ್ದೋರು ಕಟ್ನಿಲ್ಲ ಅಂದ್ರೆ ನಮ್ಮನೆ ಬಾಗ್ಲಿಗೆ ಬರಲ್ವಾ?" ಎಂದು ಒಬ್ಬಳು ಕೇಳಿಯೇಬಿಟ್ಟಳು.

ಅವ್ವ ದಾರಿ ಹುಡುಕಿದಳು. "ಪೇಪರ್ ಮ್ಯಾಲೆ ಬ್ಯಾಡಿ ಸಿಸ್ಟ್ರಮ್ಮ. ನಮ್ಮಪ್ಪ ಯಾರ್ದೋ ಸಾಲಕ್ಕೆ ಒತ್ತಿ ಎಮ್ಮೆ ಕಳ್ಕಂಡ. ಬಟ್ಟೆ ಮ್ಯಾಲಾದ್ರೆ ಒತ್ತೀವಿ. ಬಟ್ಟೆ ಇಡ್ಕಂಡು ಯಾವ ಅಮೀನ ಜಪ್ತಿಗೆ ಬತ್ತಾನೆ?"

ಸಿಸ್ಟ್ರಮ್ಮ ನಕ್ಕು ನಕ್ಕು ಸುಸ್ತಾದರು. ಮರುದಿನ ಮಲ್ಲಿನ ಬಟ್ಟೆ ತಂದು ಮೇಜಿನ ಮೇಲೆ ಹಾಸಿದರು. ಸಹಿ ಬರುವವರಾದರೂ ಮೊದಲು ತಾವೇ ಮೂಲೆಯಲ್ಲಿ ಹೆಬ್ಬೆಟ್ಟು ಒತ್ತಿದರು. "ಹೆದರಬೇಡಿ ಮಾರಾಯ್ತಿ, ಯಾರಾದ್ರೂ ಕೇಳ್ಲಿಕ್ಕೆ ಬಂದ್ರೆ ನಾನೇ ಜಾಮೀನು." ಪಕ್ಕದಲ್ಲಿ ಅವ್ವ ಒತ್ತಿದಳು. ಆಮೇಲೆ ಸಾಲುಗಟ್ಟಿ ಎಲ್ಲರೂ ಒತ್ತಿದರು. ಅವತ್ತು ಸಂಜೆ ಮನೆಮನೆಯಲ್ಲೂ ನೇರಳೆ ಹೆಬ್ಬೆರಳಲ್ಲೇ ಮುದ್ದೆ ಮುರಿದಿದ್ದು...

ಮುಂದಿನದನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ಅವ್ವ ಟೈಫಾಯಿಡ್ ಬಂದು ಮಲಗಿದಳು, ಕಂತು ನಿಂತಿತು. ಒಬ್ಬಳು ಕಟ್ಟದಿದ್ದರೆ ಉಳಿದವರಿಗೂ ಸಾಲವಿಲ್ಲ ಎನ್ನುವುದು ಸಂಘದ ಕಟ್ಟಳೆ. ಸಿಸ್ಟ್ರಮ್ಮ ಅವ್ವನ ಪರವಾಗಿ ಮಾತಾಡಲು ಹಾಸನದ ಆ ಕಚೇರಿಗೆ ಹೋದರು. ಒಬ್ಬರೇ ಹೋಗಲು ಸಂಕೋಚವೋ ಏನೋ, ಹೈಸ್ಕೂಲಿನಲ್ಲಿದ್ದ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮೇಜಿನ ಮೇಲೆ ನಮ್ಮ ಬಟ್ಟೆಯನ್ನೇ ಮಡಿಸಿ ಇಟ್ಟಿದ್ದರು. ಕಚೇರಿ ನೋಡಿಕೊಳ್ಳುತ್ತಿದ್ದ ಫಾದರ್ ಅದನ್ನು ಹೊಗಳಿದರು, ಚಹಾ ಕೊಡಿಸಿದರು. ಸಿಸ್ಟ್ರಮ್ಮ ಅವ್ವನ ವಿಷಯ ಎತ್ತಿದ ಕೂಡಲೇ ಫಾದರ್ ದನಿ ಬದಲಾಯಿತು.

"ದೇಶದ ಸಾಲ ಬೇರೆ, ಸಂಘದ ಸಾಲ ಬೇರೆ, ಸಿಸ್ಟರ್. ಇಲ್ಲಿ ಒಬ್ಬರಿಗೆ ಬಿಟ್ಟರೆ ನಾಳೆ ಯಾರೂ ಕಟ್ಟೋದಿಲ್ಲ."

ಸಿಸ್ಟ್ರಮ್ಮ ಆ ಬಟ್ಟೆಯನ್ನೇ ನೋಡುತ್ತಾ ಕುಳಿತರು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದರು: "ನನ್ನದು ಅಂತ ನನ್ನ ಹತ್ರ ಒಂದು ರೂಪಾಯಿಯೂ ಇಲ್ಲ ಮಗಾ. ವ್ರತ ತೊಟ್ಟವಳು. ಜಾಮೀನು ಅಂತ ಯಾವ ಧೈರ್ಯದಲ್ಲಿ ಹೇಳಿದೆನೋ."

ಮಿಷನ್ ಎತ್ತಿಕೊಂಡು ಹೋಗಲು ಕಚೇರಿಯ ಜೀಪು ಬಂತು. ಹಿಡಿದು ಏರಿಸಿದವರು ಬೇರೆ ಯಾರೂ ಅಲ್ಲ, ಬಟ್ಟೆಗೆ ಹೆಬ್ಬೆಟ್ಟು ಒತ್ತಿದ್ದ ಸಂಘದ ಹೆಂಗಸರೇ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಅವರ ಸಾಲವೂ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಸಿಸ್ಟ್ರಮ್ಮ ಬಾಗಿಲಿಗೆ ಅಡ್ಡ ನಿಂತರು. ಹೆಂಗಸರು ಅವರನ್ನೇ ಪಕ್ಕಕ್ಕೆ ಸರಿಸಿ ಮಿಷನ್ ಹೊತ್ತೊಯ್ದರು. ಆ ತಿಂಗಳೇ ಸಿಸ್ಟ್ರಮ್ಮನಿಗೆ ವರ್ಗವಾಯಿತು. ಎಲ್ಲಿಗೆಂದು ನಮಗೆ ಯಾರೂ ಹೇಳಲಿಲ್ಲ. ಅವ್ವ ಅವರಿವರ ಹೊಲದಲ್ಲಿ ಕಳೆ ಕಿತ್ತು ಉಳಿದ ಸಾಲವನ್ನೆಲ್ಲ ತೀರಿಸಿದಳು. ಮಿಷನ್ ಮಾತ್ರ ವಾಪಸು ಬರಲಿಲ್ಲ. ಅದು ಆಗಲೇ ಯಾರಿಗೋ ಮಾರಾಟವಾಗಿತ್ತಂತೆ. ಕೊನೆಗಾಲದಲ್ಲಿ ಅವ್ವ ಮಂಚದಲ್ಲಿ ಮಲಗಿದಲ್ಲೇ ಕಾಲಾಡಿಸುತ್ತಿದ್ದಳು, ಮಿಷನ್ ತುಳಿದ ಹಾಗೆ...

ಚೌಕಟ್ಟಿನ ಕೆಳಗೆ ಅಚ್ಚು ಹಾಕಿದ ಚೀಟಿ ಇತ್ತು: 'ಬಡ ದೇಶಗಳ ಸಾಲ ಮನ್ನಾಕ್ಕಾಗಿ ನಮ್ಮ ಅನಕ್ಷರಸ್ಥ ಸಹೋದರಿಯರ ಬೆಂಬಲ.' ಮೂಲೆಯ ಹೆಬ್ಬೆಟ್ಟಿನ ಮಧ್ಯೆ ಅಡ್ಡಗೆರೆ ಹಾಗೇ ಇತ್ತು. ಪಕ್ಕದ್ದು ಅವ್ವನದು. ಅಲ್ಲಿ ಕುಳಿತಿದ್ದ ಹುಡುಗಿಯನ್ನು ಸಿಸ್ಟ್ರಮ್ಮನ ಬಗ್ಗೆ ಕೇಳಿದೆ. ಪಾಪ, ಅವಳು ಎಲ್ಲಿಗೋ ಫೋನ್ ಮಾಡಿ ವಿಚಾರಿಸಿದಳು. "ಅವರು ತೀರ್ಕೊಂಡು ತುಂಬಾ ವರ್ಷ ಆಯ್ತಂತೆ ಮೇಡಂ" ಎಂದಳು. ನನಗೆ ಅಲ್ಲೇ ಅಳು ಬಂತು. ಮದುವೆಮನೆಯವರು ನೋಡಿಯಾರೆಂದು ಸೆರಗಿನಿಂದ ಮುಖ ಒರೆಸಿಕೊಂಡೆ.

ಎರಡು ಸಾವಿರದ ಇಸವಿಯ ಹಾಗೆ ಇದೂ ಚರ್ಚಿನವರಿಗೆ ಜೂಬಿಲಿ ವರ್ಷವಂತೆ, ಸಾಲ ಬಿಡುವ ವರ್ಷ. ಆ ದೇಶಗಳು ಮತ್ತೆ ಸಾಲದಲ್ಲಿ ಮುಳುಗಿವೆಯಂತೆ. ಈಗ ಸಹಿಯನ್ನು ಮೊಬೈಲಿನಲ್ಲೇ ಹಾಕಬಹುದು ಎಂದು ಹುಡುಗಿ ಫೋನ್ ಮುಂದೆ ಹಿಡಿದಳು. ಹಾಕಿದೆ. ಆ ದೂರದ ಹೆಂಗಸರಿಗಾದರೂ ಸಾಲ ಬಿಡಲಿ. ಇಲ್ಲಿಯವರ ಕೈಯಲ್ಲಿ ಎಲ್ಲವನ್ನೂ ಕಟ್ಟಿಸಿಕೊಂಡಾಗಿದೆ.