ಡ್ರೈವರ್ ಮಾಮ ಹತ್ತಿದ ಗುಡ್ಡ

ಮೊನ್ನೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಲಾರಿಯಿಂದ ಕ್ಲಚ್ ಸುಟ್ಟ ವಾಸನೆ ಬಂತು. ಮೂಗು ಮುಚ್ಚಿಕೊಳ್ಳುವುದು ಬಿಟ್ಟು ನಾನು ಕಾರಿನ ಗಾಜು ಇಳಿಸಿದೆ. ಡ್ರೈವರ್ ಮಾಮ ನೆನಪಾದರು...

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯವರು. ಮನೆಮಾತು ತಮಿಳು. ನನಗೆ ಇಪ್ಪತ್ನಾಲ್ಕಾದರೂ ‘ಪಾಪಾ’ ಅಂತಲೇ ಕರೆಯುತ್ತಿದ್ದರು. ಪ್ರಾಯದಲ್ಲಿ ಒಬ್ಬ ಗುತ್ತಿಗೆದಾರರ ಜೀಪ್ ಓಡಿಸುತ್ತಿದ್ದರಂತೆ. ಊರಾಚೆಯ ಹಳೇ ಅದಿರಿನ ಗುಡ್ಡದಲ್ಲಿ, ಕೊನೆಯ ತಿರುವಿನಲ್ಲಿ, ಜೀಪ್ ಹಿಂದಕ್ಕೆ ಜಾರಿ ಮಗುಚಿತು. ಮುರಿದ ಎಡಗೈ ಕೂಡಿಕೊಂಡರೂ ಗೇರ್ ಹಾಕುವಷ್ಟು ಬಲ ಮತ್ತೆ ಬರಲಿಲ್ಲ. ಅಲ್ಲಿಂದಾಚೆ ಅವರು ಸ್ಟೇರಿಂಗ್ ಮುಟ್ಟಿರಲಿಲ್ಲ.

ಎರಡು ಸಾವಿರದ ಮೂರರ ಸುಮಾರಿಗೆ ಅಪ್ಪ ಒಂದು ಹಳೇ ಫೋರ್ ವೀಲ್ ಡ್ರೈವ್ ಜೀಪ್ ತಂದರು. ಪಕ್ಕದಲ್ಲಿ ಕೂತು ನನಗೆ ಓಡಿಸಲು ಕಲಿಸಿದ್ದು ಮಾಮನೇ. ಒಂದು ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಂತರು.

“ಪಾಪಾ, ಆ ಗುಡ್ಡಕ್ಕೆ ಹೋಗೋಣ್ವಾ?”

ಕೇಳುವಾಗ ನನ್ನ ಮುಖ ನೋಡಲಿಲ್ಲ.

ದಾರಿ ಅನ್ನುವುದು ಬರೀ ಹೆಸರಿಗೆ. ಮಳೆನೀರು ಕೊರೆದ ಕೊರಕಲು, ಚಕ್ರದಡಿ ಉರುಳುವ ಕೆಂಪು ಕಲ್ಲು, ಒಂದು ಪಕ್ಕಕ್ಕೆ ಪ್ರಪಾತ. ಎಷ್ಟೋ ಕಡೆ ಬಾನೆಟ್ ಬಿಟ್ಟರೆ ಆಕಾಶವೊಂದೇ ಕಾಣುತ್ತಿತ್ತು. ಕೊನೆಯ ತಿರುವನ್ನು ಅರ್ಧ ಹತ್ತಿದ್ದೆ. ಚಕ್ರ ಗಿರಗಿರನೆ ಸುತ್ತಿ ಇಂಜಿನ್ ಆಫ್ ಆಯಿತು. ಬ್ರೇಕ್ ಒತ್ತಿದರೂ ಜೀಪ್ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ನನ್ನ ಕೈ ತಾನಾಗಿ ಸ್ಟೇರಿಂಗ್ ತಿರುಗಿಸಲು ಹೋಯಿತು.

“ತಿರುಗಿಸ್ಬೇಡ! ಅವತ್ತು ನಾನು ಮಾಡಿದ ತಪ್ಪು ಅದೇ. ನೇರ ಹಿಡಿ. ರಿವರ್ಸ್ ಹಾಕು, ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡು.”

ಅಷ್ಟು ವರ್ಷ ಯಾರಿಗೂ ಹೇಳದ ಮಾತು ಅದು. ಹೇಳಿದ ಹಾಗೇ ಮಾಡಿದೆ. ಜೀಪ್ ನೆಟ್ಟಗೆ ಹಿಂದಕ್ಕೆ ಇಳಿದು ಮಟ್ಟಸ ಜಾಗದಲ್ಲಿ ನಿಂತಿತು. ಒಳಗೆಲ್ಲ ಕ್ಲಚ್ ಸುಟ್ಟ ವಾಸನೆ.

“ಸಾಕು ಮಾಮ, ವಾಪಸ್ ಹೋಗೋಣ” ಅಂದೆ.

ಅವರು ಇಳಿದು ತಿರುವಿನ ತನಕ ನಡೆದರು. ಬಲಗೈಯಲ್ಲಿ ಒಂದೊಂದೇ ಕಲ್ಲು ಎತ್ತಿ ಕೊರಕಲಿಗೆ ತುಂಬತೊಡಗಿದರು. ನೋಡುತ್ತ ಕೂರಲಾಗದೆ ನಾನೂ ಹೋದೆ. ಕೊರಕಲು ತುಂಬಿದ ಮೇಲೆ ಬಂದು ಕೂತು, “ಈಗ ನಡಿ ಮಾರಾಯ್ತಿ. ಆಕ್ಸಿಲರೇಟರ್ ಮೇಲಿನ ಕಾಲು ಮಾತ್ರ ತೆಗೀಬೇಡ” ಅಂದರು.

ಜೀಪ್ ನರಳಿತು. ಒಂದು ಚಕ್ರ ನೆಲ ಬಿಟ್ಟು ಮೇಲೆದ್ದಿತು... ಮತ್ತೆ ಮಣ್ಣು ಕಚ್ಚಿತು. ಇದ್ದಕ್ಕಿದ್ದ ಹಾಗೆ ಬಾನೆಟ್ ಕೆಳಗಿಳಿದು, ಎದುರಿಗೆ ಇಡೀ ಭದ್ರಾವತಿ! ಚಿಮಣಿಗಳು, ಹೊಳೆ, ಕ್ವಾರ್ಟರ್ಸ್ ಸಾಲು. ನಾನು ಕಿರುಚಿಯೇಬಿಟ್ಟೆ. ಮಾಮ ಇಳಿದು ನನ್ನ ಪಕ್ಕಕ್ಕೆ ಬಂದರು.

“ಆ ಕಡೆ ಸರಿ ಪಾಪಾ. ಗೇರ್ ನೀನು ಹಾಕು.”

ಗುಡ್ಡದ ನೆತ್ತಿಯ ಮೇಲೆ ಮೂರು ಸುತ್ತು ಹೊಡೆದರು, ಒಂದೇ ಕೈಯಲ್ಲಿ. ಅವರು ತಲೆಯಾಡಿಸಿದಾಗ ನಾನು ಗೇರ್ ಹಾಕಬೇಕು. ತಮಿಳಿನಲ್ಲಿ ಏನೇನೋ ಕೂಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು...

ಮಾಮ ಹೋಗಿ ಹನ್ನೊಂದು ವರ್ಷವಾಯಿತು. ಗುಡ್ಡದ ದಾರಿಗೆ ಈಗ ಕಬ್ಬಿಣದ ಗೇಟು, ಯಾರನ್ನೂ ಬಿಡುವುದಿಲ್ಲ. ಆ ಗುಡ್ಡ ಒಂದು ದಿನ ಯಾರಿಗೆ ಸೋತಿತ್ತು ಅಂತ ಕೇಳುವವರೂ ಇಲ್ಲ. ಕೇಳಿದರೆ ಹೇಳಲು ನಾನೊಬ್ಬಳು ಉಳಿದಿದ್ದೇನೆ.