ಸರ್ವರ್ ಹೂಂ ಅಂದಿತ್ತು

ನನಗೆ ಸಿಟ್ಟು ಬೇಗ. ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಆದರೂ ಬರುತ್ತಾರೆ, ಏಕೆಂದರೆ ಹುಮನಾಬಾದಿನ ಬಸ್ ನಿಲ್ದಾಣದ ಎದುರಿನ ಗಲ್ಲಿಯಲ್ಲಿ ಒಂದು ಅಕ್ಷರ ತಪ್ಪಿಲ್ಲದೆ ಅರ್ಜಿ ಟೈಪ್ ಮಾಡಿಕೊಡುವವಳು ನಾನೊಬ್ಬಳೇ. ಎರಡು ಕಂಪ್ಯೂಟರ್, ಸ್ಕ್ಯಾನರ್ ಇರುವ ಒಂದು ಪ್ರಿಂಟರ್, ಲ್ಯಾಮಿನೇಷನ್ನಿಗೊಂದು, ಹೆಬ್ಬೆಟ್ಟಿಗೊಂದು ಯಂತ್ರ, ಕೂರಲು ಒಂದು ಬೆಂಚು, ಇಷ್ಟೇ ನನ್ನ ಅಂಗಡಿ. ಮನೆ ಇರುವುದು ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ನನ್ನ ಗಿರಾಕಿಗಳಿಗೆ ಇಮೇಲ್ ಇರುವುದಿಲ್ಲ. ಇದ್ದರೂ ಪಾಸ್‌ವರ್ಡ್ ಇರುವುದಿಲ್ಲ. ಪಾಸ್‌ವರ್ಡ್ ಇದ್ದರೆ ಅದಕ್ಕೆ ಕೊಟ್ಟ ಫೋನ್ ನಂಬರು ಎಂದೋ ಬಂದ್ ಆಗಿರುತ್ತದೆ. ಅದಕ್ಕೇ ಎಲ್ಲರ ಅರ್ಜಿಗಳನ್ನೂ ನನ್ನ ಅಂಗಡಿಯ ಮೇಲ್‌ನಿಂದಲೇ ಕಳಿಸುತ್ತಿದ್ದೆ. ಒಂದೇ ಖಾತೆಯಿಂದ ದಿನಕ್ಕೆ ಇಷ್ಟೊಂದು ಊರುಗಳಿಗೆ ಪತ್ರ ಹೋಗುವುದು ಆ ದೊಡ್ಡ ಕಂಪನಿಗೆ ಸರಿ ಕಾಣಲಿಲ್ಲವೇನೋ, ಒಂದು ದಿನ ಬಂದು ನೋಡಿದರೆ ಖಾತೆಗೆ ಬೀಗ. ಯಾರನ್ನು ಕೇಳುವುದು? ಅಲ್ಲಿ ಮಾತಾಡುವ ಮನುಷ್ಯರೇ ಇಲ್ಲ. ಎಂಟು ದಿನ ಅವರಿಗೆ ಬರೆದೆ, ಎಂಟು ದಿನವೂ ಯಂತ್ರವೇ ಉತ್ತರ ಕೊಟ್ಟಿತು. ಹಾಳಾಗಿ ಹೋಗಲಿ, ನಿಮ್ಮ ಹಂಗೇ ಬೇಡ ಅಂದುಕೊಂಡೆ.

ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಲು ಶುರುಮಾಡಿದೆ. ಬಸವಕಲ್ಯಾಣದ ಕಾಲೇಜೊಂದರಲ್ಲಿ ಕೆಲವು ವರ್ಷ ಕಂಪ್ಯೂಟರ್ ಲ್ಯಾಬಿನ ಕೆಲಸ ಮಾಡಿದ್ದೆ, ಆದ್ದರಿಂದ ಪ್ರೋಗ್ರಾಂ ಬರೆಯುವುದು ತೀರಾ ಹೊಸದಾಗಿರಲಿಲ್ಲ. ರಾಜೇಶ್ವರ ದಾಟುವಷ್ಟರಲ್ಲಿ ಒಂದು ಪುಟ, ಹುಮನಾಬಾದ್ ಬರುವಷ್ಟರಲ್ಲಿ ಇನ್ನೊಂದು. ಓದುತ್ತ ಹೋದಂತೆ ತಿಳಿದದ್ದೇನೆಂದರೆ, ಇಮೇಲ್ ಕಳಿಸಲು ನಡುವೆ ಯಾವ ದೊಡ್ಡ ಕಂಪನಿಯೂ ಬೇಕಾಗಿಲ್ಲ. ಪತ್ರ ಯಾರಿಗೆ ಸೇರಬೇಕೋ ಅವರ ಮೇಲ್ ಸರ್ವರ್ ಎಲ್ಲಿದೆ ಎಂದು ಹುಡುಕಿ, ನನ್ನ ಪ್ರೋಗ್ರಾಂ ನೇರವಾಗಿ ಅದರ ಬಾಗಿಲಿಗೇ ಹೋಗಬಹುದು.

ಬೀಗರ ಮನೆಗೆ ಹೋದ ಹಾಗೆ ಅಲ್ಲೂ ಒಂದು ರೀತಿ ರಿವಾಜು ಇದೆ. ಮೊದಲು ನಮಸ್ಕಾರ ಹೇಳಿ ನೀವು ಯಾರೆಂದು ತಿಳಿಸಬೇಕು. ಅದು ಹೂಂ ಅಂದ ಮೇಲೆ ಪತ್ರ ಯಾರಿಂದ ಎಂದು ಹೇಳಬೇಕು, ಆಮೇಲೆ ಯಾರಿಗೆ ಎಂದು. ಆಮೇಲೆ ಪತ್ರ. ಕೊನೆಯಲ್ಲಿ ಒಂದು ಖಾಲಿ ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಡಬೇಕು. ಮಾತು ಮುಗಿಯಿತು ಎಂದು ಅರ್ಥ. ಆಗ ಸರ್ವರ್ ಇನ್ನೂರೈವತ್ತು ಎಂಬ ಅಂಕಿ ಹೇಳುತ್ತದೆ. ಇನ್ನೂರೈವತ್ತು ಅಂದರೆ ಸರಿ, ಪತ್ರ ತೆಗೆದುಕೊಂಡೆ ಎಂದು.

ಅಂಗಡಿಯ ಹೆಸರಿನಲ್ಲೇ ಒಂದು ಇಂಟರ್ನೆಟ್ ವಿಳಾಸ ಕೊಂಡೆ. ಹದಿನೈದು ದಿನ ತಿಣುಕಾಡಿ ಪ್ರೋಗ್ರಾಂ ಬರೆದೆ. ಹೀಗೆ ನೇರವಾಗಿ ಪತ್ರ ಕಳಿಸುವ ದಾರಿಯನ್ನು ಎಷ್ಟೋ ನೆಟ್ ಕಂಪನಿಗಳು ಮುಚ್ಚಿಡುತ್ತವೆ, ನಮ್ಮ ಗಲ್ಲಿಯ ಕೇಬಲ್ ನೆಟ್‌ನವನು ಮುಚ್ಚಿರಲಿಲ್ಲ. ಮುಚ್ಚಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ನನ್ನದೇ ಇನ್ನೊಂದು ಖಾತೆಗೆ ಮೊದಲ ಪತ್ರ ಕಳಿಸಿದೆ. ಇನ್ನೂರೈವತ್ತು ಬಂತು. ಆದರೆ ಪತ್ರ ಕಾಣಲಿಲ್ಲ. ಹುಡುಕಿದರೆ ಕಸದ ಪತ್ರಗಳು ಬೀಳುವ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ಇದು ಕಸವಲ್ಲ ಎಂದು ಒತ್ತಿ ಮೇಲೆ ತೆಗೆದೆ. ಎರಡನೆಯದು ನೆಟ್ಟಗೆ ಬಂತು, ಮೂರನೆಯದೂ ಬಂತು. ಹೊಸ ಸೊಸೆ, ಎರಡು ದಿನ ಅನುಮಾನ ಇದ್ದೇ ಇರುತ್ತದೆ ಎಂದುಕೊಂಡು ಅದನ್ನು ಅಲ್ಲಿಗೇ ಮರೆತೆ.

ಆ ದಿನಗಳಲ್ಲಿ ನನ್ನ ಜಂಬ ಹೇಳತೀರದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಹಾಗಾಗಿತ್ತು ನನ್ನ ಸ್ಥಿತಿ.

ನಮ್ಮ ಕಡೆ ಜನರಿಗೆ ಒಂದು ಪದ್ಧತಿ ಇದೆ. ಯಾವ ಕಚೇರಿಗೆ ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ಒಯ್ಯುತ್ತಾರೆ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಶಿಕ್ಕಾ, ಅಂದರೆ ಮೊಹರು, ಹೊಡೆಸಿಕೊಂಡು ಬರುತ್ತಾರೆ. ದುಂಡನೆಯ ನೀಲಿ ಶಿಕ್ಕಾ ಇಲ್ಲದಿದ್ದರೆ ಅರ್ಜಿ ಕೊಟ್ಟ ಹಾಗೇ ಅಲ್ಲ. ಆ ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಇವರ ಅನುಭವ ಅಂಥದ್ದು, ಕೊಟ್ಟ ಅರ್ಜಿಯನ್ನೇ ಕೊಟ್ಟಿಲ್ಲ ಎಂದು ಕಚೇರಿಗಳು ಹೇಳುವುದನ್ನು ಇವರು ಮೂರು ತಲೆಮಾರಿನಿಂದ ನೋಡಿದ್ದಾರೆ. ಮೇಲ್ ಕಳಿಸಿದೆ ಎಂದು ನಾನು ಬಾಯಿಯಲ್ಲಿ ಹೇಳಿದರೆ ಯಾರೂ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಶಿಕ್ಕಾ ಎಲ್ಲಿ ಎಂದು ಕೇಳುತ್ತಿದ್ದರು.

ನಾನು ಮಾಡಿದ್ದು ಇದು. ಸರ್ವರ್ ಹೇಳಿದ ಇನ್ನೂರೈವತ್ತರ ಸಾಲನ್ನು ದಿನಾಂಕ, ವೇಳೆ ಸಮೇತ ಪ್ರಿಂಟ್ ತೆಗೆದು, ಅದರ ಮೇಲೆ ನನ್ನ ಅಂಗಡಿಯ ದುಂಡು ಶಿಕ್ಕಾ ಒತ್ತಿ ಕೊಡತೊಡಗಿದೆ. ಜನ ಖುಷಿಯಾದರು. ಕೆಲವರು ಅದನ್ನು ಲ್ಯಾಮಿನೇಷನ್ ಮಾಡಿಸಿದರು. ಅದೂ ನನ್ನ ಅಂಗಡಿಯಲ್ಲೇ.

ಒಂದು ಸೋಮವಾರ ನಿರ್ಣಾದಿಂದ ಒಬ್ಬ ಹೆಣ್ಣುಮಗಳು ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಅವರು ಬೌದ್ಧರು, ಮನೆಮಂದಿಯೆಲ್ಲ ಕಂಡವರ ಹೊಲದಲ್ಲಿ ಕೂಲಿ ಮಾಡುವವರು. ಗಂಡ ಬಿಟ್ಟುಹೋದ ಮೇಲೆ ಅಣ್ಣನ ಮನೆ ಸೇರಿದ್ದಳು. ಹಗಲು ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತ, ಮನೆಯಲ್ಲೇ ಓದಿ ಬಿ.ಎ. ಕಟ್ಟಿ ಪಾಸಾಗಿದ್ದಳು. ಅದಕ್ಕೂ ಮೊದಲಿನಿಂದ ಅವಳ ಅರ್ಜಿಗಳನ್ನೆಲ್ಲ ಟೈಪ್ ಮಾಡಿದವಳು ನಾನೇ. ಹತ್ತೊಂಬತ್ತು ಅರ್ಜಿಗಳು. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಅವತ್ತು ಅವಳ ಕೈಯಲ್ಲಿ ಇಪ್ಪತ್ತನೆಯ ಅರ್ಜಿಯ ಉತ್ತರವಿತ್ತು. ದೂರದ ಜಿಲ್ಲೆಯ ಒಂದು ಖಾಸಗಿ ವಸತಿ ಶಾಲೆ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅವಳನ್ನು ಮೇಲ್ವಿಚಾರಕಿ ಎಂದು ಆರಿಸಿತ್ತು. ಒಪ್ಪಿಗೆ ಪತ್ರವನ್ನು ಶುಕ್ರವಾರ ಸಂಜೆ ಐದರೊಳಗೆ ಇಮೇಲಿನಲ್ಲಿ ಮಾತ್ರ ಕಳಿಸಬೇಕು, ಬಾರದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯಲಾಗುವುದು ಎಂದು ಬರೆದಿತ್ತು. ಆ ಕೆಲಸಕ್ಕೆ ವಯಸ್ಸಿನ ಮಿತಿ ಮೂವತ್ತೈದು. ಅವಳಿಗೆ ಮೂವತ್ತೈದು ತುಂಬಲು ಎರಡು ತಿಂಗಳಿತ್ತು. ಇದು ತಪ್ಪಿದರೆ ಇಂಥದಕ್ಕೆ ಇನ್ನೊಂದು ಅರ್ಜಿ ಹಾಕಲು ಬರುತ್ತಿರಲಿಲ್ಲ.

ಸಂಬಳ ಎಷ್ಟು ಎಂದು ನಾನು ಕೇಳಿದೆ. ಅವಳು ಸಂಬಳದ ಮಾತೇ ಎತ್ತಲಿಲ್ಲ.

"ಇರಾಕ ಒಂದು ಖೋಲಿ ಕೊಡ್ತಾರಂತ್ರಿ ಅಕ್ಕಾರ. ಒಳಗಿಂದ ಚಿಲಕ ಹಾಕ್ಕೊಂಡು ಮಲಗಬಹುದು," ಅಂದಳು.

ಅಣ್ಣನ ಮನೆಯಲ್ಲಿ ಇರುವುದು ಒಂದೇ ಕೋಣೆ, ಮಲಗುವವರು ಏಳು ಜನ. ನಾನು ಮತ್ತೇನೂ ಕೇಳದೆ ಪತ್ರ ಟೈಪ್ ಮಾಡಿ, ಅವಳ ಸಹಿಯ ಪ್ರತಿಯನ್ನು ಸ್ಕ್ಯಾನ್ ಮಾಡಿ, ಪ್ರೋಗ್ರಾಂ ಓಡಿಸಿದೆ. ಅವಳನ್ನು ಪಕ್ಕಕ್ಕೆ ಕರೆದು ತೆರೆಯ ಮೇಲೆ ಒಂದೊಂದೇ ಸಾಲು ತೋರಿಸಿದೆ. ನಾವು ಯಾರೆಂದು ಹೇಳಿದೆವು, ನೋಡು, ಅದು ಹೂಂ ಅಂತು. ನಿನ್ನ ಪತ್ರ ಹೋಗುತ್ತಿದೆ. ಈಗ ಚುಕ್ಕಿ. ಇನ್ನೂರೈವತ್ತು ಬಂತು. ಪ್ರಿಂಟ್ ತೆಗೆದು ಶಿಕ್ಕಾ ಒತ್ತಿದೆ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಹೊರಡುವಾಗ ಬಾಗಿಲಲ್ಲಿ ನಿಂತು, ಶಾಲೆಯಿಂದ ಬಂದ ಕಾಗದದ ಕೆಳಗೆ ಫೋನ್ ನಂಬರಿದೆ, ಮುಟ್ಟಿತೋ ಇಲ್ಲವೋ ಎಂದು ಒಂದು ಫೋನ್ ಮಾಡಿ ಕೇಳಲೇ ಎಂದಳು. ಅವಳ ಕಡೆ ಇದ್ದದ್ದು ಬುದ್ಧಿವಂತಿಕೆ. ನನ್ನ ಕಡೆ ಇದ್ದದ್ದು ಸೊಕ್ಕು.

"ಶಿಕ್ಕಾ ಕೈಯಾಗ ಅದ ಅಲ್ಲ ತಂಗಿ, ಇನ್ನ ಯಾರಿಗಿ ಕೇಳ್ತಿ? ಸುಮ್ ಮನಿಗಿ ಹೋಗಿ ಗಂಟು ಕಟ್ಟು," ಅಂದೆ.

ಅವಳು ನಕ್ಕು ಹೋದಳು. ಚಿಟಗುಪ್ಪದ ಬಸ್ಸು ನಿಂತಿತ್ತು, ಓಡಿ ಹತ್ತಿದ್ದನ್ನು ಅಂಗಡಿಯ ಮೆಟ್ಟಿಲಿನಿಂದ ನೋಡಿದೆ.

ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ. ನಾಲ್ಕು ದಿನ ಇದ್ದವು. ಆ ನಾಲ್ಕು ದಿನಗಳಲ್ಲಿ ಯಾವ ಗಳಿಗೆಯಲ್ಲಾದರೂ ನಾನು ಒಂದು ಫೋನ್ ಮಾಡಬಹುದಿತ್ತು. ಗುರುವಾರ ಅವಳ ಹೆಸರಿನ ಪತ್ರ ಬಂದಿದೆಯೇ ಎಂದು ಒಮ್ಮೆ ಮೇಲ್ ನೋಡಿದ್ದು ನೆನಪಿದೆ. ಬಂದಿರಲಿಲ್ಲ. ದೊಡ್ಡ ಶಾಲೆ, ಪುರುಸೊತ್ತಾದಾಗ ಬರೆಯುತ್ತಾರೆ ಅಂದುಕೊಂಡೆ.

ಮುಂದಿನ ಸೋಮವಾರ ಅವಳೇ ಬಂದಳು. ಯಾವಾಗ ಬಂದು ಸೇರಬೇಕು ಎಂದು ಅವರೇನೂ ತಿಳಿಸಿಲ್ಲವಲ್ಲ ಎಂದಳು. ಅವಳ ಎದುರಿಗೇ ಶಾಲೆಗೆ ಫೋನ್ ಹಚ್ಚಿದೆ. ಗುಮಾಸ್ತರು ಒಳ್ಳೆಯ ಮನುಷ್ಯ, ಆ ಕಡೆಯ ಮೆತ್ತನೆಯ ಮಾತು. ಒಪ್ಪಿಗೆ ಪತ್ರ ಬರಲಿಲ್ಲ, ಶುಕ್ರವಾರ ಐದರವರೆಗೂ ಕಾದೆವು, ಶನಿವಾರ ಮುಂದಿನವರನ್ನು ಕರೆದೆವು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ಸರ್ವರ್ ಇಷ್ಟು ಗಂಟೆ, ಇಷ್ಟು ನಿಮಿಷಕ್ಕೆ ಇನ್ನೂರೈವತ್ತು ಹೇಳಿದೆ, ಬರಲಿಲ್ಲ ಎಂದರೆ ಏನರ್ಥ, ನನ್ನ ಹತ್ತಿರ ಪುರಾವೆ ಇದೆ ಎಂದು ಕೂಗಾಡಿದೆ. ಅವರು ಪಾಪ ಕೇಳಿಸಿಕೊಂಡರು. ನಮ್ಮ ಕಂಪ್ಯೂಟರಿನವರನ್ನು ಕೇಳಿ ನಾಳೆ ಹೇಳುತ್ತೇನೆ ಎಂದರು. ಅವಳು ಬೆಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾಳೆ ತಿಳಿಸುತ್ತಾರಂತೆ, ಹೋಗು ಅಂದೆ.

ಮರುದಿನ ಅವರೇ ಫೋನ್ ಮಾಡಿದರು.

"ನಿಮ್ಮ ಮೇಲ್ ಬಂದಿದೆ ಮೇಡಂ, ಹೋದ ವಾರ ಸೋಮವಾರವೇ ಬಂದಿದೆ. ಸ್ಪ್ಯಾಮ್‌ನಲ್ಲಿತ್ತು, ಯಾರೂ ನೋಡಿಲ್ಲ. ಆದರೆ ಈಗ ಏನು ಮಾಡೋಣ ಹೇಳಿ, ಇನ್ನೊಬ್ಬರು ಟ್ರಂಕ್ ಸಮೇತ ನಿನ್ನೆ ಬಂದು ಸೇರಿಬಿಟ್ಟಿದ್ದಾರೆ."

ಅವರ ಕಂಪ್ಯೂಟರಿನವನು ಫೋನ್ ತೆಗೆದುಕೊಂಡು ಕಾರಣವನ್ನೂ ಹೇಳಿದ. ನಮ್ಮ ಕೇಬಲ್ ನೆಟ್‌ನ ವಿಳಾಸ ಕೆಟ್ಟ ವಿಳಾಸಗಳ ಪಟ್ಟಿಯಲ್ಲಿದೆಯಂತೆ. ಅದೇ ವಿಳಾಸದ ಹಿಂದೆ ಊರಿನ ಎಷ್ಟೋ ಕಂಪ್ಯೂಟರ್‌ಗಳಿವೆ, ಯಾವುದೋ ಒಂದರಿಂದ ಯಾರೋ ರಾಶಿ ರಾಶಿ ಕಸದ ಪತ್ರ ಕಳಿಸಿದ್ದಾರೆ. ಪತ್ರದಲ್ಲಿ ಏನಿದೆ ಎಂಬುದಕ್ಕಿಂತ ಅದು ಯಾವ ಕಡೆಯಿಂದ ಬಂತು ಎಂದು ಸರ್ವರ್ ಮೊದಲು ನೋಡುತ್ತದೆ ಎಂದ. ಬಾಗಿಲಲ್ಲಿ ಮರ್ಯಾದೆಯಿಂದ ಹೂಂ ಅನ್ನುವುದು, ತೆಗೆದುಕೊಳ್ಳುವುದು, ಹಿತ್ತಲಲ್ಲಿ ಎಸೆಯುವುದು. ನನಗೆ ಸಿಟ್ಟು ಉಕ್ಕಿತು. ಆದರೆ ಯಾರ ಮೇಲೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಮೊದಲ ಪತ್ರ ಕಸದಲ್ಲಿ ಬಿದ್ದದ್ದನ್ನು ಕಣ್ಣಾರೆ ನೋಡಿದವಳು ನಾನು. ಕೈಯಾರೆ ಎತ್ತಿ, ನನ್ನ ಖಾತೆಗೆ ಮಾತ್ರ ಇದು ಕಸವಲ್ಲ ಎಂದು ಕಲಿಸಿ, ಇಡೀ ಜಗತ್ತೇ ಕಲಿತಿತು ಎಂದು ತಿಳಿದವಳೂ ನಾನೇ. ತೆಗೆದುಕೊಂಡೆ ಎನ್ನುವುದು ಬೇರೆ, ಓದಿದೆ ಎನ್ನುವುದು ಬೇರೆ. ನಡುವಿನ ಆ ಹೊಂಡದ ಮೇಲೆ ದುಂಡು ಶಿಕ್ಕಾ ಒತ್ತಿ ಜನರ ಕೈಗೆ ಕೊಟ್ಟಿದ್ದೆ.

ಬಸ್ಸು ಹಿಡಿದು ನಿರ್ಣಾಕ್ಕೆ ಹೋದೆ. ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅವಳು ಹೊಲದಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದಳು. ಒಳಗೆ ಗೋಡೆಗೆ ಒರಗಿಸಿದ ಗಂಟು ಕಂಡಿತು, ಕಟ್ಟು ಎಂದು ಹೇಳಿದವಳು ನಾನೇ ತಾನೆ. ಎಲ್ಲ ಹೇಳಿದೆ. ಅಣ್ಣ ಎದ್ದು ಹೊರಗೆ ಹೋದ. ಅವಳು ಕೇಳಿದ್ದು ಒಂದೇ ಮಾತು.

"ಹಂಗಾದ್ರ ನಂದು ಅಲ್ಲಿ ತನಕ ಹೋಗಿತ್ತು ಅಲ್ರಿ?"

ಹೋಗಿತ್ತು ಅಂದೆ. ಅವಳು ತಲೆಯಾಡಿಸಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಚಹಾ ಮಾಡಿ ಕೊಟ್ಟಳು. ಮೊದಲ ಪತ್ರ ಕಸಕ್ಕೆ ಬಿದ್ದದ್ದು ನನಗೆ ಮುಂಚೆಯೇ ಗೊತ್ತಿತ್ತು ಎಂಬುದೊಂದನ್ನು ಹೇಳಲಿಲ್ಲ. ಈವರೆಗೂ ಹೇಳಿಲ್ಲ. ನನ್ನ ಬಾಯಿ ಇಡೀ ಗಲ್ಲಿಗೆ ಕೇಳುವಂಥದ್ದು, ಅಷ್ಟಕ್ಕೆ ಮಾತ್ರ ಬರಲಿಲ್ಲ.

ಪ್ರೋಗ್ರಾಂ ಅಳಿಸಿದೆ. ಈಗ ಹೊಸ ಖಾತೆ ತೆರೆದು ನಾನೂ ಎಲ್ಲರ ಹಾಗೆ ದೊಡ್ಡ ಕಂಪನಿಯ ಮೂಲಕವೇ ಕಳಿಸುತ್ತೇನೆ, ಕಳಿಸಿ ಫೋನ್ ಮಾಡುತ್ತೇನೆ. ಶಾಲೆಗೆ ಮೂರು ಸಲ ಬರೆದೆ, ಬೇರೆ ಯಾವ ಕೆಲಸವಾದರೂ ಇದ್ದರೆ ಕೊಡಿ ಎಂದು ಬೇಡಿಕೊಂಡೆ. ಇಲ್ಲ ಎಂದರು, ಮೂರನೆಯ ಸಲ ಅದನ್ನೂ ಹೇಳಲಿಲ್ಲ. ಅಷ್ಟರಲ್ಲಿ ಎರಡು ತಿಂಗಳು ಕಳೆದು ಅವಳಿಗೆ ಮೂವತ್ತೈದು ತುಂಬಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸಲೀಸಾಗಿ ಅನ್ನುತ್ತಾರೆ. ತುತ್ತನ್ನು ತಟ್ಟಿ ಬೀಳಿಸಿದ ಕೈ ತನ್ನದೇ ಆದಾಗ ಆ ಮಾತು ಬಾಯಿಂದ ಹೊರಡುವುದಿಲ್ಲ.

ಕಳೆದ ತಿಂಗಳು ಅವಳು ಅಂಗಡಿಗೆ ಬಂದಿದ್ದಳು. ಅಣ್ಣನ ಮನೆಯ ರೇಷನ್ ಕಾರ್ಡಿಗೆ ಎಲ್ಲರ ಹೆಬ್ಬೆಟ್ಟು ಕೊಡಿಸುವುದಿತ್ತು. ತೊಗರಿ ಕೊಯ್ಲು ಮುಗಿದ ಹೊಸತು, ಕೈ ಒಡೆದಿತ್ತು, ಯಂತ್ರ ಅವಳ ಹೆಬ್ಬೆರಳನ್ನು ಹಿಡಿಯಲು ನಾಲ್ಕು ಸಲ ಸತಾಯಿಸಿತು. ಕೆಲಸವಾದ ಮೇಲೆ ಎಲ್ಲರೂ ಹೊರಗೆ ಹೋದರು. ಅವಳು ಆಧಾರ್ ಕಾರ್ಡನ್ನು ಮಡಿಲಲ್ಲಿ ಹಿಡಿದುಕೊಂಡು ಬೆಂಚಿನ ಮೇಲೇ ಕೂತಿದ್ದಳು. ಯಾಕೆ ತಂಗಿ ಎಂದೆ. ಅವಳು ನನ್ನ ಕಡೆ ನೋಡದೆ ಕೇಳಿದಳು.

"ಇದರಾಗ ಹುಟ್ಟಿದ ವರ್ಷ ಒಂದೆರಡು ಮುಂದ ಹಾಕಾಕ ಬರ್ತದೇನ್ರಿ ಅಕ್ಕಾರ?"

ಇದನ್ನು ಕೇಳಿ ಬಂದವರನ್ನು ನಾನು ಎಂದೂ ಮೆಟ್ಟಿಲ ಮೇಲೆ ನಿಲ್ಲಗೊಟ್ಟವಳಲ್ಲ. ಕಳ್ಳ ಕೆಲಸಕ್ಕೆ ಬೇರೆ ಅಂಗಡಿ ನೋಡಿಕೊಳ್ಳಿ ಎಂದು ಇಡೀ ಗಲ್ಲಿಗೆ ಕೇಳುವ ಹಾಗೆ ಬೈದು ಕಳಿಸುತ್ತೇನೆ. ಇಪ್ಪತ್ತು ಅರ್ಜಿಗಳಲ್ಲಿ ಒಂದು ಸುಳ್ಳನ್ನೂ ಬರೆಸದಿದ್ದ ಹೆಣ್ಣುಮಗಳು ಇವಳು. ಬರೋದಿಲ್ಲ ತಂಗಿ ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ನನಗೂ ಗೊತ್ತದ್ರಿ. ಕೇಳಿ ನೋಡಿದೆ ಅಷ್ಟ," ಅಂದಳು. ಕಾರ್ಡನ್ನು ಚೀಲದಲ್ಲಿಟ್ಟುಕೊಂಡು, ಹೊರಗೆ ಕಾಯುತ್ತಿದ್ದ ಅಣ್ಣನ ಮನೆಯವರ ಹಿಂದೆ ನಡೆದುಹೋದಳು.